ಎಸ್.ಪಿ. ರೋಡಿನ 80 ಎಂಎಂ ಬಿಲ್ ಪ್ರಿಂಟರ್: ಅಕ್ಷರ ಎಲ್ಲಿ ಕೆಡುತ್ತದೆ, ಹೇಗೆ ಸರಿಮಾಡಬೇಕು

ಬೆಂಗಳೂರಿನ ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಗಳಲ್ಲಿ ಪೇರಿಸಿಟ್ಟಿರುವ ಕಪ್ಪು ಡಬ್ಬಿಯಂಥ 80 ಎಂಎಂ ಥರ್ಮಲ್ ಪ್ರಿಂಟರುಗಳ ಮೇಲಿನ ಸ್ಟಿಕ್ಕರ್ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಒಳಗಿನ ಬೋರ್ಡು, ಹೆಡ್ಡು, ಕಟರ್ ಬಹುಮಟ್ಟಿಗೆ ಒಂದೇ ಬಗೆಯವು. ದರ್ಶಿನಿಯ ಕೌಂಟರಿನಲ್ಲೂ ಇಂದಿರಾನಗರದ ಕೆಫೆಯಲ್ಲೂ ಬಿಲ್ ಬರುವುದು ಇಂಥವುಗಳಿಂದಲೇ. ಈ ವಿಮರ್ಶೆ ದೊಡ್ಡ ಬ್ರಾಂಡಿನ ಹೆಸರಿಲ್ಲದ, ಯುಎಸ್‌ಬಿ ಮತ್ತು ಲ್ಯಾನ್ ಎರಡೂ ಇರುವ, ಕಾಗದವನ್ನು ತಾನೇ ಕತ್ತರಿಸುವ ಆ ಬಗೆಯ ಪ್ರಿಂಟರಿನದು. ಇಲ್ಲಿ ಮುಖ್ಯವಾಗಿ ನೋಡಿರುವುದು ಒಂದೇ ಗುಣ: ಕೊಟ್ಟ ಅಕ್ಷರ ಕೊಟ್ಟ ಹಾಗೆಯೇ ಕಾಗದದ ಮೇಲೆ ಬರುತ್ತದೆಯೇ?

ಯಂತ್ರವಾಗಿ ಇದು ಒಳ್ಳೆಯದು. ಇಂಗ್ಲಿಷ್ ಬಿಲ್ ಬೇಗ ಬರುತ್ತದೆ, ಕಟರ್ ನಿಯತ್ತಾಗಿ ಕತ್ತರಿಸುತ್ತದೆ, ರೋಲ್ ಹಾಕುವುದು ಸುಲಭ. ಆದರೆ ಡಬ್ಬಿಯಿಂದ ತೆಗೆದ ಸ್ಥಿತಿಯಲ್ಲಿ ಇದು ಕನ್ನಡಕ್ಕೂ ತಯಾರಿಲ್ಲ, ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ‘ಇ’ಗೂ (é) ತಯಾರಿಲ್ಲ, ₹ ಚಿಹ್ನೆಗೂ ತಯಾರಿಲ್ಲ. ಮೂರನ್ನೂ ಸರಿಮಾಡಬಹುದು. ಅದಕ್ಕೆ ಹೊಸ ಪ್ರಿಂಟರ್ ಬೇಡ, ಸರಿಯಾದ ಸೆಟ್ಟಿಂಗ್ ಬೇಕು. ಮಾರುವವರಲ್ಲಿ ಹೆಚ್ಚಿನವರು ಅದನ್ನು ಮಾಡಿಕೊಡುವುದಿಲ್ಲ. ‘ಈ ಮಾಡೆಲ್‌ನಲ್ಲಿ ಬರಲ್ಲ ಸಾರ್’ ಎಂದು ಇನ್ನೂ ದುಬಾರಿಯದನ್ನು ತೋರಿಸುತ್ತಾರೆ. 2024ರ ತಿದ್ದುಪಡಿಯ ನಂತರ ಅಂಗಡಿಯ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಕಡ್ಡಾಯವಾಗಿದೆ. ಹೊರಗೆ ಅಷ್ಟು ದೊಡ್ಡದಾಗಿ ಕನ್ನಡ ಬರೆಸಿ, ಒಳಗೆ ಬಿಲ್ಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಸಾಲು ಕೊಡುವುದು ಗಿರಾಕಿಗೂ ಅವಮಾನ, ಅಂಗಡಿಗೂ ಅವಮಾನ. ಅಡುಗೆಮನೆಗೆ ಹೋಗುವ ಕೆಒಟಿ, ಅಂದರೆ ಆರ್ಡರ್ ಚೀಟಿಯ ಮಾತಂತೂ ಇನ್ನೂ ಗಂಭೀರ. ಕನ್ನಡ ಮಾತ್ರ ಓದುವ ಭಟ್ಟರ ಕೈಗೆ ತಪ್ಪು ಚೀಟಿ ಸಿಕ್ಕರೆ ಖಾರಾಬಾತ್ ಕೇಳಿದವರ ಮುಂದೆ ಕೇಸರಿಬಾತ್ ಬರುತ್ತದೆ.

ಸೆಟ್ಟಿಂಗಿಗೆ ಕೈಹಾಕುವ ಮೊದಲು ಕಾಗದದ ಮೇಲೆ ಏನು ಬಂದಿದೆ ಎಂದು ನೋಡಬೇಕು. ಅಕ್ಷರ ಮೂರು ಬಗೆಯಲ್ಲಿ ಕೆಡುತ್ತದೆ, ಮೂರಕ್ಕೂ ಕಾರಣ ಬೇರೆ. ಪ್ರಶ್ನಾರ್ಥಕ ಚಿಹ್ನೆ ಬಂದರೆ ಅಕ್ಷರ ಪ್ರಿಂಟರ್ ತಲುಪುವ ಮೊದಲೇ, ಕಂಪ್ಯೂಟರಿನೊಳಗೇ ಸತ್ತಿದೆ. ಪ್ರಿಂಟರಿನ ತಪ್ಪು ಏನೂ ಇಲ್ಲ. ವಿಚಿತ್ರ ಗುರುತುಗಳು, ಗ್ರೀಕ್ ಅಕ್ಷರ, ಪೆಟ್ಟಿಗೆಯ ಗೆರೆ, ಚೀನೀ ಅಕ್ಷರ ಬಂದರೆ ಅಕ್ಷರವನ್ನು ಸೂಚಿಸುವ ಸಂಖ್ಯೆ ಸರಿಯಾಗಿ ತಲುಪಿದೆ, ಪ್ರಿಂಟರ್ ಅದನ್ನು ಬೇರೆ ಪಟ್ಟಿಯಿಂದ ಓದಿದೆ. ಖಾಲಿ ಚೌಕ ಬಂದರೆ ಬಳಸಿದ ಫಾಂಟಿನಲ್ಲಿ ಆ ಅಕ್ಷರವೇ ಇಲ್ಲ. ಈ ಒಂದು ಭೇದ ತಿಳಿದಿದ್ದರೆ ಅರ್ಧ ಕೆಲಸ ಮುಗಿದಂತೆ. ರಿಪೇರಿಗೆ ಬರುವ ಹುಡುಗರು ಇದನ್ನು ನೋಡದೆ ಡ್ರೈವರ್ ತೆಗೆದು ಮತ್ತೆ ಹಾಕುತ್ತಾರೆ. ಅದರಿಂದ ಪ್ರಶ್ನಾರ್ಥಕ ಚಿಹ್ನೆ ಹೋಗುವುದಿಲ್ಲ.

ಮೊದಲು ಆ್ಯಕ್ಸೆಂಟ್ ಅಕ್ಷರಗಳನ್ನು, ಅಂದರೆ ತಲೆಯ ಮೇಲೆ ಗುರುತು ಹೊತ್ತವನ್ನು, ನೋಡೋಣ. ಕೆಫೆ, ಸೊಟೆ, ಪ್ಯೂರೆ, ಕ್ರೆಮ್, ಜಲಪೆನ್ಯೊ ಇವೆಲ್ಲ ಕೋರಮಂಗಲದ ಮೆನುವಿನಲ್ಲಿ ದಿನನಿತ್ಯದ ಪದಗಳು. ಈ ಪ್ರಿಂಟರುಗಳು ಎಪ್ಸನ್ ಕಂಪನಿಯ ಇಎಸ್‌ಸಿ-ಪಿಒಎಸ್ ಆದೇಶಗಳನ್ನೇ ಅನುಸರಿಸುತ್ತವೆ. ಅದರಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್, ಅಂದರೆ 0ಯಿಂದ 255ರೊಳಗಿನ ಒಂದು ಸಂಖ್ಯೆ. 0ಯಿಂದ 127ರವರೆಗೆ ಮಾಮೂಲಿ ಇಂಗ್ಲಿಷ್. 128ರಿಂದ 255ರವರೆಗಿನ 128 ಸ್ಥಾನಗಳಲ್ಲಿ ಯಾವ ಅಕ್ಷರ ಎಂಬುದನ್ನು ‘ಕೋಡ್ ಪೇಜ್’ ತೀರ್ಮಾನಿಸುತ್ತದೆ. ಪ್ರಿಂಟರ್ ಆನ್ ಆದಾಗ ಸಾಮಾನ್ಯವಾಗಿ 437ನೆಯ ಪೇಜ್‌ನಲ್ಲಿರುತ್ತದೆ. ಅದರಲ್ಲಿ ಕೆಫೆಯ ಕೊನೆಯ ಗೆರೆಯುಳ್ಳ ‘ಇ’ 130ನೆಯ ಸ್ಥಾನದಲ್ಲಿದೆ. ವಿಂಡೋಸಿನ 1252ರಲ್ಲಿ ಅದೇ ಅಕ್ಷರ 233. ಬಿಲ್ಲಿಂಗ್ ಸಾಫ್ಟ್‌ವೇರ್ 233 ಕಳಿಸಿದರೆ 437ರಲ್ಲಿರುವ ಪ್ರಿಂಟರ್ ಅದನ್ನು ಗ್ರೀಕಿನ ದೊಡ್ಡ ಥೀಟಾ ಎಂದು ಅಚ್ಚುಹಾಕುತ್ತದೆ. 850ರಲ್ಲಿದ್ದರೆ ತಲೆಗೆರೆಯ ದೊಡ್ಡ ‘ಯು’ ಬರುತ್ತದೆ. ಹೀಗೆ ಯಾವ ತಪ್ಪು ಅಕ್ಷರ ಬಂತು ಎಂಬುದರಿಂದಲೇ ಪ್ರಿಂಟರ್ ಯಾವ ಪೇಜ್‌ನಲ್ಲಿದೆ ಎಂದು ಹೇಳಿಬಿಡಬಹುದು.

ಒಂದರ ಜಾಗದಲ್ಲಿ ಎರಡು ತಪ್ಪು ಅಕ್ಷರ ಬಂದರೆ ಸಾಫ್ಟ್‌ವೇರ್ ಯುಟಿಎಫ್-8 ಕಳಿಸುತ್ತಿದೆ ಎಂದರ್ಥ. ಎಲ್ಲ ಭಾಷೆಗಳ ಅಕ್ಷರಗಳಿರುವ ಯೂನಿಕೋಡ್ ಪಟ್ಟಿಯನ್ನು ಬೈಟುಗಳಾಗಿ ಬರೆಯುವ ಕ್ರಮ ಅದು. ಅದರಲ್ಲಿ ಆ ‘ಇ’ 195, 169 ಎಂಬ ಎರಡು ಬೈಟು. ₹ ಚಿಹ್ನೆ 226, 130, 185 ಎಂಬ ಮೂರು. ಹಾಗಾಗಿ 437ರಲ್ಲಿರುವ ಪ್ರಿಂಟರಿನಲ್ಲಿ ಬೆಲೆಗೆ ಮೊದಲು ಗಾಮಾ, ಗೆರೆಯುಳ್ಳ ‘ಇ’, ಪೆಟ್ಟಿಗೆಯ ಜೋಡಿಗೆರೆ ಈ ಮೂರು ಒಟ್ಟಿಗೆ ಬಂದರೆ ಅದು ರೂಪಾಯಿ ಚಿಹ್ನೆಯೇ. ಕನ್ನಡದ ಪ್ರತಿ ಅಕ್ಷರವೂ 224, 178 ಅಥವಾ 224, 179ರಿಂದ ಶುರುವಾಗಿ ಮೂರು ಬೈಟು ತಿನ್ನುತ್ತದೆ. ಆದ್ದರಿಂದ ಸಾಲಿನ ಉದ್ದಕ್ಕೂ ಮೂರು ಮೂರು ಜಾಗಕ್ಕೊಮ್ಮೆ ಆಲ್ಫಾ ಕಂಡರೆ ಕನ್ನಡ ಯುಟಿಎಫ್-8 ರೂಪದಲ್ಲಿ ನೇರವಾಗಿ ಹೋಗಿದೆ ಎಂದು ಕಣ್ಣುಮುಚ್ಚಿ ಹೇಳಬಹುದು.

ಚೀನೀ ಅಕ್ಷರ ಬರುವುದು ಈ ಅಗ್ಗದ ಪ್ರಿಂಟರುಗಳದೇ ರೋಗ. ಚೀನಾದ ಮಾರುಕಟ್ಟೆಗೆಂದು ಇವುಗಳಲ್ಲಿ ಎರಡು ಬೈಟ್ ಸೇರಿಸಿ ಒಂದು ಚೀನೀ ಅಕ್ಷರ ಓದುವ ಸ್ಥಿತಿ ಆನ್ ಆಗಿಯೇ ಬರುತ್ತದೆ. ಆಗ 127ರ ಮೇಲಿನ ಯಾವ ಬೈಟ್ ಬಂದರೂ ಪ್ರಿಂಟರ್ ಮುಂದಿನದನ್ನು ಜೊತೆಗೆ ನುಂಗುತ್ತದೆ. ಕ್ರೆಮ್ ಪದದ ಎಡಕ್ಕೆ ಬಾಗಿದ ಗೆರೆಯ ‘ಇ’ ಯುಟಿಎಫ್-8ರಲ್ಲಿ 195, 168. ಚೀನೀ ಪಟ್ಟಿಯಲ್ಲಿ ಅದೇ ಜೋಡಿಗೆ ಬೆಕ್ಕು ಎಂಬ ಅರ್ಥದ ಅಕ್ಷರವಿದೆ. ಸಿಹಿತಿಂಡಿಯ ಹೆಸರಿನ ನಡುವೆ ಬೆಕ್ಕು ಕುಳಿತಿರುವ ಬಿಲ್ ನೋಡಿದರೆ ಪ್ರಿಂಟರ್ ಚೀನೀ ಸ್ಥಿತಿಯಲ್ಲಿದೆ, ಸಾಫ್ಟ್‌ವೇರ್ ಯುಟಿಎಫ್-8 ಕಳಿಸುತ್ತಿದೆ ಎಂಬ ಎರಡೂ ವಿಷಯ ಒಮ್ಮೆಗೇ ಗೊತ್ತಾಗುತ್ತದೆ.

ಸರಿಮಾಡುವುದು ಹೀಗೆ. ಪ್ರಿಂಟರ್ ಆಫ್ ಮಾಡಿ, ಫೀಡ್ ಬಟನ್ ಒತ್ತಿಹಿಡಿದುಕೊಂಡೇ ಆನ್ ಮಾಡಿ. ಸೆಲ್ಫ್ ಟೆಸ್ಟ್ ಚೀಟಿ ಬರುತ್ತದೆ. ಅದರಲ್ಲಿ ಈಗಿನ ಕೋಡ್ ಪೇಜ್, ಸಿಗುವ ಎಲ್ಲ ಪೇಜ್‌ಗಳ ಪಟ್ಟಿ, ಚೀನೀ ಸ್ಥಿತಿ ಆನ್ ಅಥವಾ ಆಫ್, ಬಫರಿನ (ಬಂದ ಬೈಟುಗಳನ್ನು ಅಚ್ಚಾಗುವವರೆಗೆ ಇಟ್ಟುಕೊಳ್ಳುವ ಜಾಗದ) ಗಾತ್ರ ಎಲ್ಲವೂ ಇರುತ್ತದೆ. ಈ ಚೀಟಿಯನ್ನು ಫೋಟೊ ತೆಗೆದಿಟ್ಟುಕೊಳ್ಳಿ, ಥರ್ಮಲ್ ಕಾಗದ ಮಾಸಿಹೋಗುತ್ತದೆ. ಎಪ್ಸನ್ ಪಟ್ಟಿಯಲ್ಲಿ 0 ಎಂದರೆ 437, 2 ಎಂದರೆ 850, 16 ಎಂದರೆ 1252, 19 ಎಂದರೆ 858. ಇತರ ಪ್ರಿಂಟರುಗಳಲ್ಲಿ ಬಹುತೇಕ ಇದೇ ಸಂಖ್ಯೆಗಳಿದ್ದರೂ ನಂಬಿ ಕೂರಬೇಡಿ, ಚೀಟಿಯಲ್ಲಿರುವುದನ್ನೇ ಬಳಸಿ. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಪ್ರಿಂಟರಿನ ಆರಂಭದ ಆದೇಶ ಬರೆಯುವ ಜಾಗವಿದ್ದರೆ ಈ ಸಂಖ್ಯೆಗಳನ್ನು ಇದೇ ಕ್ರಮದಲ್ಲಿ ಹಾಕಿ:

27 64
28 46
27 82 0
27 116 16

ಮೊದಲನೆಯದು ಪ್ರಿಂಟರನ್ನು ಮೂಲ ಸ್ಥಿತಿಗೆ ತರುತ್ತದೆ, ಎರಡನೆಯದು ಚೀನೀ ಸ್ಥಿತಿಯನ್ನು ತೆಗೆಯುತ್ತದೆ, ನಾಲ್ಕನೆಯದು 1252 ಆರಿಸುತ್ತದೆ. ಮೂರನೆಯದು ದೇಶದ ಅಕ್ಷರಪಟ್ಟಿಯನ್ನು ಅಮೆರಿಕದ್ದಕ್ಕೆ ಮರಳಿಸುತ್ತದೆ. ಯಾರಾದರೂ ಅದನ್ನು ಫ್ರಾನ್ಸಿಗೆ ತಿರುಗಿಸಿಟ್ಟಿದ್ದರೆ ಇಮೇಲ್ ವಿಳಾಸದ ನಡುವಿನ ‘ಅಟ್’ ಗುರುತಿನ ಬದಲು ಗೆರೆಯುಳ್ಳ ‘ಎ’ ಬರುತ್ತಿರುತ್ತದೆ. ಕ್ರಮ ಬದಲಾಯಿಸಬೇಡಿ. 27 64 ಕೊನೆಗೆ ಹೋದರೆ ಅದರ ಹಿಂದಿನ ಮೂರೂ ಅಳಿಸಿಹೋಗುತ್ತವೆ. ಕೆಲವು ಸಾಫ್ಟ್‌ವೇರುಗಳು ಪ್ರತಿ ಬಿಲ್ಲಿನ ತಲೆಯಲ್ಲಿ ತಾವಾಗಿಯೇ 27 64 ಕಳಿಸುತ್ತವೆ. ‘ಟೆಸ್ಟ್ ಪ್ರಿಂಟ್ ಸರಿ ಬರುತ್ತೆ, ಬಿಲ್ ಮಾತ್ರ ಕೆಡುತ್ತೆ’ ಎಂಬ ದೂರಿನ ಮೂಲ ಬಹಳ ಸಲ ಇದೇ. ಅಂಥಲ್ಲಿ ಆದೇಶವನ್ನು ಬಿಲ್ಲಿನ ಹೆಡರ್ ಸಾಲಿನೊಳಗೇ ಸೇರಿಸಬೇಕು.

ಪೇಜ್ ಆರಿಸಿದ ಮಾತ್ರಕ್ಕೆ ಆಯಿತು ಎಂದುಕೊಳ್ಳಬಾರದು. ಸಾಫ್ಟ್‌ವೇರ್ ಕೂಡ ಅದೇ ಪೇಜ್‌ನ ಸಂಖ್ಯೆಗಳನ್ನೇ ಕಳಿಸಬೇಕು. ಪರೀಕ್ಷೆಗೆ 128ರಿಂದ 255ರವರೆಗಿನ ಬೈಟುಗಳನ್ನು ಸಾಲಿಗೆ 16ರಂತೆ ಎಂಟು ಸಾಲು ಅಚ್ಚುಹಾಕಿಸಿ. ಪ್ರಿಂಟರ್ ನಿಜಕ್ಕೂ ಯಾವ ಪೇಜ್‌ನಲ್ಲಿದೆ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಇನ್ನೊಂದು ಸೂಕ್ಷ್ಮ: ಗೆರೆಯುಳ್ಳ ‘ಇ’ಯನ್ನು ಯೂನಿಕೋಡಿನಲ್ಲಿ ಒಂದೇ ಅಕ್ಷರವಾಗಿಯೂ ಬರೆಯಬಹುದು, ಬರಿಯ ‘ಇ’ ಮತ್ತು ಸೇರುವ ಗೆರೆ ಎಂದು ಎರಡಾಗಿಯೂ ಬರೆಯಬಹುದು. ಬೇರೆ ಕಡೆಯಿಂದ ನಕಲು ಮಾಡಿ ಅಂಟಿಸಿದ ಮೆನುವಿನಲ್ಲಿ ಎರಡನೆಯ ರೂಪ ನುಸುಳಿರುತ್ತದೆ. ಆಗ ‘ಇ’ ಸರಿಯಾಗಿ ಬಂದು ಅದರ ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ನಿಲ್ಲುತ್ತದೆ. ಐಟಂ ಪಟ್ಟಿಯನ್ನು ಎನ್‌ಎಫ್‌ಸಿ ಎಂಬ, ಎರಡನ್ನೂ ಒಂದೇ ಅಕ್ಷರವಾಗಿ ಸೇರಿಸುವ ರೂಪಕ್ಕೆ ತಂದರೆ ಹೋಗುತ್ತದೆ. ಕನ್ನಡಕ್ಕೂ ಇದು ಬೇಕಾದದ್ದೇ. ‘ಕೊ’ ಎಂಬುದನ್ನು ‘ಒ’ ಸ್ವರಚಿಹ್ನೆಯೊಂದರಿಂದಲೂ ಬರೆಯಬಹುದು, ‘ಎ’ ಮತ್ತು ‘ಊ’ ಸ್ವರಚಿಹ್ನೆ ಎರಡನ್ನು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಆದರೆ ಒಂದು ರೂಪದಲ್ಲಿ ಟೈಪು ಮಾಡಿದ ಕೊತ್ತಂಬರಿ ಇನ್ನೊಂದು ರೂಪದಲ್ಲಿ ಹುಡುಕಿದಾಗ ಸಿಗುವುದಿಲ್ಲ.

ಪ್ರಶ್ನಾರ್ಥಕ ಚಿಹ್ನೆಯ ರೋಗಕ್ಕೆ ಮದ್ದು ಕಂಪ್ಯೂಟರಿನಲ್ಲಿದೆ. ಸ್ಕ್ರೀನಿನಲ್ಲೇ ಐಟಂ ಹೆಸರು ಪ್ರಶ್ನಾರ್ಥಕವಾಗಿ ಕಂಡರೆ ಡೇಟಾಬೇಸಿನಲ್ಲೇ ಅಕ್ಷರ ಉಳಿದಿಲ್ಲ, ಮತ್ತೆ ಟೈಪು ಮಾಡದೆ ಬೇರೆ ದಾರಿಯಿಲ್ಲ. ಇದಕ್ಕೆ ಸಾಮಾನ್ಯ ಕಾರಣ ಎಕ್ಸೆಲ್. ಐಟಂ ಪಟ್ಟಿಯನ್ನು ಬರಿಯ ಸಿಎಸ್‌ವಿ ಎಂದು ಸೇವ್ ಮಾಡಿದರೆ ಕನ್ನಡವೂ ₹ ಚಿಹ್ನೆಯೂ ಅಲ್ಲೇ ನಾಶವಾಗುತ್ತವೆ. ‘ಸಿಎಸ್‌ವಿ ಯುಟಿಎಫ್-8’ ಎಂಬ ಬೇರೆ ಆಯ್ಕೆ ಅದೇ ಪಟ್ಟಿಯಲ್ಲಿದೆ, ಅದನ್ನೇ ಬಳಸಿ. ಎಸ್‌ಕ್ಯುಎಲ್ ಸರ್ವರ್ ಬಳಸುವ ಸಾಫ್ಟ್‌ವೇರಾದರೆ ಹೆಸರಿನ ಕಾಲಂ ‘ಎನ್‌ವಾರ್‌ಚಾರ್’ ಬಗೆಯದಾಗಿರಬೇಕು, ಮೈಎಸ್‌ಕ್ಯುಎಲ್ ಆದರೆ ‘ಯುಟಿಎಫ್‌8ಎಂಬಿ4’. ಸ್ಕ್ರೀನಿನಲ್ಲಿ ಸರಿಯಿದ್ದು ಕಾಗದದಲ್ಲಿ ಮಾತ್ರ ಪ್ರಶ್ನಾರ್ಥಕ ಬಂದರೆ ವಿಂಡೋಸಿನಲ್ಲಿ ಪ್ರಿಂಟರನ್ನು ‘ಜೆನೆರಿಕ್ ಟೆಕ್ಸ್ಟ್ ಓನ್ಲಿ’ ಡ್ರೈವರಿಗೆ ಜೋಡಿಸಿದ್ದಾರೆಯೇ ನೋಡಿ. ಬೇಗ ಕೆಲಸ ಮುಗಿಸಲು ಅದನ್ನೇ ಹಾಕಿಹೋಗುವವರಿದ್ದಾರೆ. ಆ ಡ್ರೈವರಿನಿಂದ ಕನ್ನಡ ಎಂದೂ ಬರದು.

ವಿಂಡೋಸ್ 10ರ 1803ನೆಯ ಆವೃತ್ತಿಯಿಂದ ಈಚೆಗೆ ಭಾಷೆಯ ಸೆಟ್ಟಿಂಗಿನೊಳಗೆ, ಸಿಸ್ಟಂ ಲೊಕೇಲ್ ಬದಲಿಸುವ ಜಾಗದಲ್ಲಿ, ಯುಟಿಎಫ್-8 ಬಳಸು ಎಂಬ ‘ಬೀಟಾ’ ಟಿಕ್ ಇದೆ. ಕನ್ನಡ ಬರಲಿ ಎಂದು ಅದನ್ನು ಹಾಕಿಕೊಡುವವರೂ ಉಂಟು. ಹಳೆಯ ಬಿಲ್ಲಿಂಗ್ ಸಾಫ್ಟ್‌ವೇರ್ ಇದ್ದಲ್ಲಿ ಅದನ್ನು ಮುಟ್ಟಬೇಡಿ. ಅಲ್ಲಿಯವರೆಗೆ 233 ಎಂದು ಹೋಗುತ್ತಿದ್ದ ಅಕ್ಷರ ಅಂದಿನಿಂದ 195, 169 ಎಂದು ಹೋಗಿ, ಸರಿಯಿದ್ದದ್ದೂ ಕೆಡುತ್ತದೆ.

ಇನ್ನು ಕನ್ನಡ. ಕನ್ನಡಕ್ಕೆ ಕೋಡ್ ಪೇಜ್ ದಾರಿಯನ್ನು ಹಿಡಿಯಲೇಬೇಡಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಎಪ್ಸನ್ ಆದೇಶಪಟ್ಟಿಯಲ್ಲಿ 72ನೆಯ ಸಂಖ್ಯೆ ಕನ್ನಡಕ್ಕಿದೆ. ಅದು ಕೆಲವು ಮಾಡೆಲ್‌ಗಳಲ್ಲಿ ಮಾತ್ರ, ಅದೂ ಒಂದು ಬೈಟಿನ ಪಟ್ಟಿ. ಯೂನಿಕೋಡ್ ಕನ್ನಡವನ್ನು ನೇರವಾಗಿ ಕಳಿಸಿದರೆ ಅದರಿಂದಲೂ ಕೆಲಸವಾಗದು. ಅಗ್ಗದ ಪ್ರಿಂಟರುಗಳ ಸೆಲ್ಫ್ ಟೆಸ್ಟ್ ಪಟ್ಟಿಯಲ್ಲಿ ಕನ್ನಡ ಕಾಣದಿದ್ದರೆ ಬೇಸರಪಡಬೇಕಾಗಿಲ್ಲ. ಕನ್ನಡ ಫಾಂಟ್ ಇದೆ ಎಂದು ಹೆಚ್ಚು ಹಣ ಕೇಳುವ ಮಾಡೆಲ್‌ಗೆ ಕೊಡಬೇಕಾಗಿಯೂ ಇಲ್ಲ. ಹೆಡ್ಡಿನಲ್ಲಿರುವ ಚುಕ್ಕಿಗಳಿಗೆ ಭಾಷೆ ಗೊತ್ತಿಲ್ಲ. ಇಡೀ ಬಿಲ್ಲನ್ನು ಕಂಪ್ಯೂಟರಿನಲ್ಲಿ ಚಿತ್ರವಾಗಿ ಬರೆದು ಕಳಿಸಿದರೆ ಒತ್ತಕ್ಷರ, ₹, ಗೆರೆಯ ‘ಇ’ ಎಲ್ಲವೂ ಬರುತ್ತವೆ.

ತಯಾರಕರ ಸ್ವಂತ ವಿಂಡೋಸ್ ಡ್ರೈವರ್ ಹಾಕಿ, ಬಿಲ್ಲಿನ ಫಾಂಟನ್ನು ‘ನಿರ್ಮಲಾ ಯುಐ’ ಅಥವಾ ‘ತುಂಗಾ’ ಎಂದು ಆರಿಸಿದರೆ ವಿಂಡೋಸ್ ತಾನೇ ಚಿತ್ರ ಮಾಡಿ ಕಳಿಸುತ್ತದೆ. ಡ್ರೈವರಿನ ಜೊತೆ ಬರುವ ‘ಫಾಂಟ್ ಎ’, ‘ಫಾಂಟ್ ಬಿ’ ಎಂಬ ಹೆಸರಿನವನ್ನು ಆರಿಸಬೇಡಿ, ಅವು ಪ್ರಿಂಟರಿನೊಳಗಿನ ಇಂಗ್ಲಿಷ್ ಅಕ್ಷರಗಳು. ಟ್ಯಾಲಿಯಲ್ಲಿ ಡ್ರಾಫ್ಟ್ ಬಿಟ್ಟು ನೀಟ್ ಮೋಡ್ ಬಳಸಬೇಕಾದ ಕಾರಣವೂ ಇದೇ.

ಸ್ವಂತ ಸಾಫ್ಟ್‌ವೇರ್ ಬರೆಸುವವರಿಗೆ ಲೆಕ್ಕ ಹೀಗಿದೆ. 80 ಎಂಎಂ ಕಾಗದದಲ್ಲಿ ಅಚ್ಚಾಗುವ ಅಗಲ 72 ಎಂಎಂ. ಒಂದು ಎಂಎಂಗೆ 8 ಚುಕ್ಕಿಯಂತೆ ಒಟ್ಟು 576 ಚುಕ್ಕಿ, ಅಂದರೆ ಒಂದು ಗೆರೆಗೆ 72 ಬೈಟ್. 150 ಎಂಎಂ ಉದ್ದದ ಬಿಲ್ಲಿಗೆ 1200 ಗೆರೆ, 86,400 ಬೈಟ್. ಯುಎಸ್‌ಬಿ, ಲ್ಯಾನ್‌ಗಳಿಗೆ ಇದು ಲೆಕ್ಕಕ್ಕಿಲ್ಲ. ಹಳೆಯ ಸೀರಿಯಲ್ ಕೇಬಲ್ 9600 ವೇಗದಲ್ಲಿದ್ದರೆ ಸೆಕೆಂಡಿಗೆ 960 ಬೈಟ್. ಒಂದು ಬಿಲ್ಲಿಗೆ ಒಂದೂವರೆ ನಿಮಿಷ. ಬೆಳಗಿನ ತಿಂಡಿ ಹೊತ್ತಿನಲ್ಲಿ ಕ್ಯೂ ರಸ್ತೆಗೆ ಬರುತ್ತದೆ. 115200ಕ್ಕೆ ಏರಿಸಿದರೆ ಏಳೂವರೆ ಸೆಕೆಂಡು. ಕನ್ನಡ ಬಿಲ್ಲಿಗೆ ಸೀರಿಯಲ್ ಬೇಡ ಎನ್ನುವುದು ಅದಕ್ಕೇ.

ಇಡೀ ಚಿತ್ರವನ್ನು ಒಂದೇ ಗಂಟಾಗಿ ಕಳಿಸಬೇಡಿ. ಈ ಪ್ರಿಂಟರುಗಳ ಬಫರ್ ಚಿಕ್ಕದು. ಅದು ತುಂಬಿ ಕೆಲವು ಬೈಟ್ ಕಳೆದುಹೋದರೆ ಚಿತ್ರ ಅರ್ಧಕ್ಕೆ ಮುರಿದು, ಉಳಿದ ಬೈಟುಗಳನ್ನೆಲ್ಲ ಪ್ರಿಂಟರ್ ಅಕ್ಷರಗಳೆಂದು ಭಾವಿಸಿ ಒಂದು ಮೊಳ ಕಾಗದದ ತುಂಬ ಕಸ ಸುರಿಯುತ್ತದೆ. 128 ಗೆರೆಗಳ ಪಟ್ಟಿಗಳಾಗಿ ಕತ್ತರಿಸಿ, ಪ್ರತಿಯೊಂದಕ್ಕೂ 29 118 48 0 72 0 128 0 ಎಂಬ ತಲೆಸಾಲು ಕೊಟ್ಟು ಅದರ ನಂತರ 9216 ಬೈಟ್ ಕಳಿಸಿ. ಕೊನೆಯ ಪಟ್ಟಿ ಚಿಕ್ಕದಾದರೆ 128ರ ಜಾಗದಲ್ಲಿ ಅದರ ನಿಜವಾದ ಎತ್ತರ ಬರೆಯಲು ಮರೆಯಬೇಡಿ. ಮರೆತರೆ ಪ್ರಿಂಟರ್ ಮಿಕ್ಕ ಬೈಟಿಗೆ ಕಾಯುತ್ತ ನಿಂತು, ಮುಂದಿನ ಬಿಲ್ಲಿನ ತಲೆಯನ್ನು ನುಂಗಿಬಿಡುತ್ತದೆ. ಲ್ಯಾನ್ ಪ್ರಿಂಟರಾದರೆ ಇದೆಲ್ಲ 9100ನೆಯ ಪೋರ್ಟಿಗೆ ಹೋಗಬೇಕು.

ಚಿತ್ರ ಬರೆಯುವ ಹಂತದಲ್ಲಿ ಒತ್ತಕ್ಷರ ಕೂಡದೆ ಹೋಗುವುದು ಇನ್ನೊಂದು ತೊಡಕು. ಪೈಥಾನಿನಲ್ಲಿ ಚಿತ್ರ ಬರೆಯುವ ಪಿಲ್ಲೋ ಲೈಬ್ರರಿ ಬಳಸುವವರು ಅಕ್ಷರ ಜೋಡಿಸುವ ‘ರಾಕ್ಮ್’ ಅದರ ಜೊತೆ ಇದೆಯೇ ಎಂದು ಮೊದಲು ಪರೀಕ್ಷಿಸಬೇಕು. ಅದಿಲ್ಲದಿದ್ದರೆ ‘ಲಕ್ಷ್ಮೀ’ಯಲ್ಲಿನ ಒತ್ತುಗಳು ಕೆಳಗಿಳಿಯದೆ ಸಾಲಾಗಿ ನಿಲ್ಲುತ್ತವೆ. ಕಪ್ಪು ಬಿಳುಪಿಗೆ ಇಳಿಸುವಾಗ ಪಿಲ್ಲೋ ತಾನಾಗಿ ಚುಕ್ಕಿ ಎರಚುತ್ತದೆ. ಅದನ್ನು ತಡೆದು ನೇರವಾದ ಮಿತಿಯಿಂದ ಕಪ್ಪು ಬಿಳುಪು ಮಾಡಿ, ಇಲ್ಲದಿದ್ದರೆ ಅಕ್ಷರದ ಅಂಚು ಹುಳು ತಿಂದಂತೆ ಬರುತ್ತದೆ. ಇಂಗ್ಲಿಷಿಗೆ ಸಾಕಾಗುವ 24 ಚುಕ್ಕಿಯ, ಅಂದರೆ 3 ಎಂಎಂ ಎತ್ತರದಲ್ಲಿ ಕನ್ನಡದ ಒತ್ತು ಮುದ್ದೆಯಾಗುತ್ತದೆ. 30 ಚುಕ್ಕಿಯ ಅಕ್ಷರ, 44ರ ಆಸುಪಾಸಿನ ಸಾಲಿನ ಅಂತರ ಇಟ್ಟರೆ ಕೌಂಟರಿನ ಆಚೆಯಿಂದಲೂ ಓದಬಹುದು. ಫಾಂಟ್ ‘ನೋಟೋ ಸಾನ್ಸ್ ಕನ್ನಡ’ದ ಸ್ವಲ್ಪ ದಪ್ಪ ಆವೃತ್ತಿಯಾಗಿರಲಿ, ತೆಳು ಗೆರೆ ಥರ್ಮಲ್ ಕಾಗದದಲ್ಲಿ ನಿಲ್ಲದು. ಪರೀಕ್ಷೆಗೆ ಕೃಷ್ಣ, ಸ್ವಾತಂತ್ರ್ಯ, ಅರ್ಕಾವತಿ, ರಾಷ್ಟ್ರ, ರ‍್ಯಾಂಕ್ ಈ ಐದು ಪದ ಸಾಕು. ಕೊನೆಯದರಲ್ಲಿ ಅರ್ಕಾವತ್ತು ಬಂದರೆ ಸಾಫ್ಟ್‌ವೇರ್ ಎಲ್ಲೋ ಕಾಣದ ಜೋಡಣಾ ಗುರುತನ್ನು ಕಸವೆಂದು ಬಿಸಾಡುತ್ತಿದೆ.

ನುಡಿ, ಬರಹಗಳ ಹಳೆಯ ಫಾಂಟಿನಲ್ಲಿ ಟೈಪಾದ ಮೆನು, ರಸೀದಿಗಳ ವಿಷಯ ಬೇರೆ. ಆ ಫಾಂಟುಗಳು ಕನ್ನಡದ ತುಂಡುಗಳನ್ನು ಲ್ಯಾಟಿನ್ ಅಕ್ಷರಗಳ ಮತ್ತು ಆ್ಯಕ್ಸೆಂಟ್ ಅಕ್ಷರಗಳ ಸ್ಥಾನದಲ್ಲೇ ಇಟ್ಟಿವೆ. ಫಾಂಟ್ ಇಲ್ಲದ ಯಂತ್ರದಲ್ಲಿ ‘ಕನ್ನಡ’ ಎಂಬ ಪದ ತಲೆಗೆರೆಯ ‘ಎ’ಗಳು, ಪೌಂಡ್ ಚಿಹ್ನೆ, ಜರ್ಮನ್ ಜೋಡಿ ‘ಎಸ್’ ಆಗಿ ಹೊರಬರುತ್ತದೆ. ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವ್ ಒಯ್ದವರೆಲ್ಲ ಈ ಸಾಲುಗಳನ್ನು ನೋಡಿದ್ದಾರೆ. ಇದಕ್ಕೆ ಕೋಡ್ ಪೇಜ್ ಬದಲಿಸಿ ಫಲವಿಲ್ಲ. ಪರಿವರ್ತಕದಿಂದ ಯೂನಿಕೋಡಿಗೆ ತನ್ನಿ, ಅಥವಾ ಫಾಂಟ್ ಒಳಗೊಂಡ ಪಿಡಿಎಫ್ ಮಾಡಿ. ಪಿಡಿಎಫ್ ಸ್ಕ್ರೀನಿನಲ್ಲಿ ಸರಿಯಿದ್ದು ಲೇಸರ್ ಪ್ರಿಂಟರಿನಲ್ಲಿ ಕೆಟ್ಟರೆ ಅಕ್ರೊಬ್ಯಾಟ್ ರೀಡರಿನ ‘ಅಡ್ವಾನ್ಸ್ಡ್’ ಗುಂಡಿಯೊಳಗೆ ‘ಪ್ರಿಂಟ್ ಆ್ಯಸ್ ಇಮೇಜ್’ ಟಿಕ್ ಮಾಡಿ.

₹ ಚಿಹ್ನೆಗೆ ಇನ್ನೊಂದು ಮಾತು. ಅದು ಹುಟ್ಟಿದ್ದೇ 2010ರಲ್ಲಿ. 437, 1252 ಮುಂತಾದ ಹಳೆಯ ಪಟ್ಟಿಗಳಲ್ಲಿ ಅದಕ್ಕೆ ಜಾಗವಿಲ್ಲ. ಇಂಗ್ಲಿಷ್ ಬಿಲ್ಲನ್ನು ಅಕ್ಷರವಾಗಿಯೇ ಕಳಿಸುವವರು ಬಳಕೆಯಿಲ್ಲದ ಒಂದು ಸ್ಥಾನಕ್ಕೆ, ಉದಾಹರಣೆಗೆ 126ಕ್ಕೆ, ₹ ಆಕಾರವನ್ನು ತುಂಬಬಹುದು. ಆದೇಶ 27 38 3 126 126 12, ಅದರ ನಂತರ 36 ಬೈಟಿನ ಚಿತ್ರ, ಆಮೇಲೆ 27 37 1. 27 64 ಕಳಿಸಿದೊಡನೆ ಇದೂ ಅಳಿಯುತ್ತದೆ, ಕರೆಂಟು ಹೋದರೂ ಅಳಿಯುತ್ತದೆ. ಹಾಗಾಗಿ ಪ್ರತಿ ಬಿಲ್ಲಿನ ಮೊದಲೂ ತುಂಬಬೇಕು. ಅಷ್ಟು ಮಾಡುವ ತಾಳ್ಮೆ ಇಲ್ಲದಿದ್ದರೆ ಇಂಗ್ಲಿಷಿನಲ್ಲಿ ‘ಆರ್‌ಎಸ್’ ಎಂದೇ ಅಚ್ಚಾಗಲಿ, ತಪ್ಪು ಗುರುತಿಗಿಂತ ಎಷ್ಟೋ ಮೇಲು.

ಕೊಳ್ಳುವಾಗ ಅಂಗಡಿಯಲ್ಲೇ ಸೆಲ್ಫ್ ಟೆಸ್ಟ್ ಚೀಟಿ ತೆಗೆಸಿ ನೋಡಿ. ಮೇಲಿನ ಐದು ಕನ್ನಡ ಪದ, ಗೆರೆಯ ‘ಇ’ ಇರುವ ಕೆಫೆ, ₹ ಚಿಹ್ನೆ ಇಷ್ಟನ್ನು ನೋಟ್‌ಪ್ಯಾಡಿನಲ್ಲಿ ಬರೆದುಕೊಂಡು ಹೋಗಿ, ಅವರದೇ ಕಂಪ್ಯೂಟರಿನಿಂದ ತಯಾರಕರ ಡ್ರೈವರ್ ಮೂಲಕ ಅಚ್ಚುಹಾಕಿಸಿ. ಬಂದರೆ ಯಂತ್ರ ಸರಿಯಿದೆ; ಮನೆಗೆ ತಂದ ಮೇಲೆ ಬರದಿದ್ದರೆ ಹುಡುಕಬೇಕಾದದ್ದು ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ. ಡ್ರೈವರಿನ ಸಿಡಿ ಅಥವಾ ಡೌನ್‌ಲೋಡ್ ವಿಳಾಸ, ಆದೇಶಗಳ ಕೈಪಿಡಿ ಕೊಡದ ಅಂಗಡಿಯಲ್ಲಿ ಕೊಳ್ಳಬೇಡಿ. 58 ಎಂಎಂ ಪ್ರಿಂಟರ್ ಅಗ್ಗವೆಂದು ಕನ್ನಡ ಬಿಲ್ಲಿಗೆ ತರಬೇಡಿ. ಅದರ ಅಗಲ 384 ಚುಕ್ಕಿ ಮಾತ್ರ, ಓದಬಲ್ಲ ಗಾತ್ರದಲ್ಲಿ ‘ತುಪ್ಪದ ಮಸಾಲೆ ದೋಸೆ’ ಬರೆದು ಅದೇ ಸಾಲಿನಲ್ಲಿ ಸಂಖ್ಯೆ, ದರ, ಮೊತ್ತ ಮೂರನ್ನೂ ಕೂರಿಸಲು ಜಾಗ ಸಾಲದು.